ಖಾಲಿ ರೀಲುಗಳ ಡಬ್ಬಿ

ಜೂನ್ ೯

ಟೀಚರಮ್ಮನಿಗೆ,

ಕಾಗದವನ್ನು ಕ್ಷೇಮ ಎಂದು ಶುರು ಮಾಡಬೇಕಂತೆ. ಕ್ಷೇಮವಾಗಿದ್ದಿದ್ದರೆ ನಾನು ನಿನಗೆ ಬರೆಯುತ್ತಲೇ ಇರಲಿಲ್ಲ, ಅದು ನಿನಗೂ ಗೊತ್ತು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನ ಗಂಟಲಲ್ಲಿ ಗಡ್ಡೆ ಬೆಳೆದಿದೆ. ದೊಡ್ಡ ಆಸ್ಪತ್ರೆಗೆ ಹೋಗಿ ಕೊಯ್ಯಿಸಿಕೊಳ್ಳಬೇಕು. ಗಡ್ಡೆಯ ಜೊತೆ ದನಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಇನ್ನು ಮೇಲೆ ಮನೆಯಲ್ಲಿ ನಿಮ್ಮದೇ ಮಾತು ನಡೆಯುತ್ತದೆ, ಖುಷಿಪಡಿ ಎಂದು ನಿನ್ನ ಭಾವನಿಗೆ ಹೇಳಿದೆ. ಅವರು ನಗಲಿಲ್ಲ. ಪಂಪು ರಿಪೇರಿ ಮಾಡಿ ಮಾಡಿ ಅವರಿಗೆ ನಗುವುದೇ ಮರೆತುಹೋಗಿದೆ.

ಅವರು ನನ್ನ ಜೊತೆಗೇ ಇರಬೇಕಾಗುತ್ತದೆ. ಹಾಗಾದರೆ ದೊರೆಸಾನಿಯನ್ನು ಎಲ್ಲಿ ಬಿಡುವುದು? ದೊರೆಸಾನಿ ಎಂದರೆ ನನ್ನ ಮಗಳು. ನೀನು ನೋಡಿದಾಗ ಅವಳಿಗೆ ಈ ಹೆಸರಿರಲಿಲ್ಲ. ಈಗ ಎಂಟು ತುಂಬಿದೆ. ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ, ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ ಬೇಕಾದ್ದರ ಮುಂದೆ ನಿಲ್ಲಿಸುತ್ತಾಳೆ, ಉಳಿದದ್ದು ಆಳುಗಳಾದ ನಾವು ಮಾಡಬೇಕು. ಅವಳಿಗೆ ಮೂರು ತುಂಬಿದಾಗ ನೀನು ಊಟದ ಮೇಜಿನಲ್ಲಿ ಎಲ್ಲರ ಎದುರು, ಈ ಮಗುವನ್ನು ಒಮ್ಮೆ ಡಾಕ್ಟರಿಗೆ ತೋರಿಸು ಅಕ್ಕ, ಅಂದೆ. ಅದಕ್ಕೆ ನಾನು ಏನಂದೆ ಎನ್ನುವುದು ಇಬ್ಬರಿಗೂ ನೆನಪಿದೆ. ಈಗ ಅದನ್ನು ಕೆದಕುವುದು ಬೇಡ. ಆಮೇಲೆ ನಾನೇ ತೋರಿಸಿದೆ. ನೀನು ಹೇಳಿದ್ದೇ ಸರಿಯಾಗಿತ್ತು. ನೀನು ಈಗ ಅಂಥ ಮಕ್ಕಳಿಗೇ ಪಾಠ ಹೇಳುತ್ತೀಯಂತೆ, ಗೋಡೆಗೆ ಚಿತ್ರ ಅಂಟಿಸಿ ಅಂಟಿಸಿ. ನನ್ನ ಮಗಳೇನು ಪಾರ್ಸೆಲ್ಲೇ, ಚೀಟಿ ಅಂಟಿಸಿ ಕಳಿಸುವುದಕ್ಕೆ, ಎಂದು ಒಮ್ಮೆ ಮೂಗು ಮುರಿದಿದ್ದೆ. ಈಗ ನಾನೇ ಅವಳನ್ನು ಕಳಿಸುತ್ತಿದ್ದೇನೆ. ತೆಗೆದುಕೋ.

ಊಟದಲ್ಲಿ ಒಂದು ಪದಾರ್ಥ ಇನ್ನೊಂದನ್ನು ಮುಟ್ಟಬಾರದು. ಮಿಕ್ಸಿ ಹಾಕುವ ಮೊದಲು ಅವಳಿಗೆ ತೋರಿಸಿ ಹಾಕು. ದಾರದ ರೀಲುಗಳ ಚೀಲ ಕಳಿಸಿದ್ದೇನೆ, ನಾನು ಹೊಲಿಯುತ್ತಾ ಕೂತಿರುವಾಗ ಪಕ್ಕದಲ್ಲಿ ಕೂತು ಗಾಢದಿಂದ ತಿಳಿಗೆ ಸಾಲು ಹಚ್ಚುತ್ತಾಳೆ. ಬಿಸ್ಕತ್ತಿನ ತಗಡಿನ ಡಬ್ಬಿಯೊಂದಿದೆ, ಅದನ್ನು ಅವಳ ಪಾಡಿಗೆ ಬಿಟ್ಟುಬಿಡು.

ಫೋನು ಮಾಡಿಸಬೇಡ, ದನಿ ಇರುವಷ್ಟು ದಿನವೂ ಬೇಡ. ಒಮ್ಮೆ ಹೊರಗಿನಿಂದ ಮಾತಾಡಿದ್ದೆ. ಸಂಜೆಯವರೆಗೂ ಮನೆಯ ಕಪಾಟುಗಳನ್ನೆಲ್ಲ ತೆಗೆದು ನನ್ನನ್ನು ಹುಡುಕಿದಳಂತೆ. ಕಾಗದ ಬರೆ, ಉದ್ದ ಬರೆ. ನಿನ್ನ ಮೇಲಿನ ಸಿಟ್ಟು ಹಾಗೇ ಇದೆ, ಆದರೆ ಅದಕ್ಕೆ ಈಗ ಪುರಸೊತ್ತಿಲ್ಲ.

ನಿನ್ನ ಅಕ್ಕ

•

ಜೂನ್ ೨೫

ಅಕ್ಕ,

ಆಪರೇಷನ್ ಆಯಿತೆಂದು ಭಾವ ಫೋನು ಮಾಡಿದ್ದರು. ಮಾತಾಡಲು ಆಗದಿದ್ದರೂ ಓದಲು ಆಗುತ್ತದೆ ಎಂದರು. ಅದಕ್ಕೇ ನೀನು ಕೇಳಿದಂತೆ ಉದ್ದ ಬರೆಯುತ್ತಿದ್ದೇನೆ.

ಮೊದಲ ದಿನ ತರಗತಿಗೆ ಕರೆದುಕೊಂಡು ಹೋದೆ. ನಮ್ಮ ಕೋಣೆಯಲ್ಲಿ ಆರು ಮೇಜುಗಳಿವೆ, ನಡುವೆ ಮರದ ಮರೆಗಳು. ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣುವುದಿಲ್ಲ, ಗಮನ ಚದುರುವುದಿಲ್ಲ. ಪ್ರತಿ ಮಗುವಿಗೂ ಗೋಡೆಯ ಮೇಲೆ ಒಂದು ಪಟ್ಟಿ. ಅದರಲ್ಲಿ ಮೇಲಿನಿಂದ ಕೆಳಗೆ ಅಂದಿನ ಕೆಲಸಗಳ ಚಿತ್ರದ ಕಾರ್ಡುಗಳು: ಚೀಲ ಇಡುವುದು, ಮೇಜಿನ ಕೆಲಸ, ತಿಂಡಿ, ಆಟ, ಮನೆ. ಮಗು ಮೇಲಿನ ಕಾರ್ಡು ಕಿತ್ತುಕೊಂಡು ಆ ಕೆಲಸಕ್ಕೆ ಹೋಗುತ್ತದೆ. ಮೇಜಿನ ಎಡಗಡೆಯ ಬುಟ್ಟಿಯಲ್ಲಿ ಮಾಡಬೇಕಾದದ್ದು, ಮಾಡಿದ್ದು ಬಲಗಡೆಗೆ. ಎಡಗಡೆ ಬರಿದಾದರೆ ಕೆಲಸ ಆಯಿತೆಂದು ಯಾರೂ ಹೇಳಬೇಕಾಗಿಲ್ಲ. ಕೊನೆಗೆ ಕಾರ್ಡನ್ನು 'ಮುಗಿಯಿತು' ಪೆಟ್ಟಿಗೆಗೆ ಹಾಕಬೇಕು. ಇಷ್ಟೇ ಪಾಠ. ಮುಂದೆ ಏನು ಎಂಬ ಹೆದರಿಕೆ ಅವರನ್ನು ಬಿಟ್ಟುಹೋದರೆ ಉಳಿದದ್ದನ್ನು ಅವರೇ ಕಲಿಯುತ್ತಾರೆ.

ನಿನ್ನ ದೊರೆಸಾನಿ ಬಂದವಳೇ ಆರು ಮಕ್ಕಳ ಕಾರ್ಡುಗಳನ್ನೂ ಕಿತ್ತು ಬಣ್ಣದ ಪ್ರಕಾರ ಜೋಡಿಸಿಟ್ಟಳು. ನಮ್ಮ ಸಹಾಯಕಿ ತಲೆಯ ಮೇಲೆ ಕೈಹೊತ್ತು ಕೂತಳು. ಒಂದು ವಾರ ಹೀಗೇ ಆಳಿದಳು. ಆಮೇಲೆ ಅವಳಿಗೆ ಆ ಪೆಟ್ಟಿಗೆ ಹಿಡಿಸಿತು. ಈಗ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪೆಟ್ಟಿಗೆ ಬಗ್ಗಿಸಿ, ನಿನ್ನೆಯ ಕಾರ್ಡುಗಳನ್ನೆಲ್ಲ ತೆಗೆದು ಮತ್ತೆ ಪಟ್ಟಿಗೆ ಹಚ್ಚುವುದು ಅವಳದೇ ಕೆಲಸ. ನಡುವೆ ಖಾಲಿ ಜಾಗ ಬಿಡಬಾರದೆಂದು ತೋರಿಸಿಕೊಟ್ಟಿದ್ದೇನೆ. ಬಿಟ್ಟರೆ ಅವಳಿಗೇ ಆಗುವುದಿಲ್ಲ. ನನ್ನ ಮನೆಯಲ್ಲೂ ಒಂದು ಪಟ್ಟಿ, ಒಂದು ಪೆಟ್ಟಿಗೆ ಮಾಡಿದ್ದೇನೆ.

ಒಂದು ಜಗಳವೂ ಆಯಿತು. ದೊಡ್ಡದು ಚಿಕ್ಕದು ಬೇರ್ಪಡಿಸುವ ಕೆಲಸಕ್ಕೆ ಹಗುರವಾಗಿರುತ್ತವೆಂದು ಆ ತಗಡಿನ ಡಬ್ಬಿಯಿಂದ ಖಾಲಿ ರೀಲುಗಳನ್ನು ತೆಗೆದು ಬುಟ್ಟಿಗೆ ಹಾಕಿದ್ದೆ. ನೋಡಿದವಳೇ ಊರು ಒಟ್ಟುಮಾಡಿದಳು. ಮೇಜು ಮಗುಚಿತು, ನನ್ನ ಕೈ ಕಚ್ಚಿದಳು. ಒಂದೊಂದೇ ರೀಲನ್ನು ಆರಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ ಮೇಲೇ ಉಸಿರು ಬಿಟ್ಟದ್ದು. ನೀನು ಹೇಳಿದ್ದೆ, ನಾನು ಕೇಳಲಿಲ್ಲ. ಏನಿದೆ ಅದರಲ್ಲಿ?

ನಿನ್ನ ತಂಗಿ

•

ಜುಲೈ ೮

ಟೀಚರಮ್ಮನಿಗೆ,

ಕಚ್ಚಿದ್ದು ಎಡಗೈಯೋ ಬಲಗೈಯೋ? ಚಿಕ್ಕವಳಿದ್ದಾಗ ನೀನು ನನ್ನ ಬಲಗೈ ಕಚ್ಚಿದ್ದೆ. ಲೆಕ್ಕ ಸಮ ಆಯಿತು ಎಂದುಕೊಳ್ಳುತ್ತೇನೆ.

ಡಬ್ಬಿಯಲ್ಲಿ ಏನೂ ಇಲ್ಲ. ಮಿಷನ್ನಿನ ಮೇಲೆ ದಾರ ಖಾಲಿಯಾದಾಗ ರೀಲನ್ನು ಕಿತ್ತು ಅವಳ ಕೈಗೆ ಕೊಟ್ಟು 'ಆಯ್ತು' ಅನ್ನುತ್ತೇನೆ. ಅವಳು ಅದರ ತೂತಿನಲ್ಲಿ ಒಮ್ಮೆ ಇಣುಕಿ, 'ಆಯ್ತು' ಎಂದು ಡಬ್ಬಿಗೆ ಹಾಕುತ್ತಾಳೆ. ಅವಳು ಸ್ಪಷ್ಟವಾಗಿ ಆಡುವುದು ಅದೊಂದೇ ಮಾತು, ಅದೂ ಆ ಹೊತ್ತಿಗೆ ಮಾತ್ರ. ನಾನು ಎಳೆಯುವ ಹಾಗೆಯೇ ಎಳೆಯುತ್ತಾಳೆ, ನನ್ನನ್ನೇ ಆಡಿಕೊಳ್ಳುತ್ತಾಳೋ ಎನ್ನಿಸುತ್ತದೆ. ಹಾಕಿದ ಮೇಲೆ ಯಾವತ್ತೂ ತೆಗೆಯುವುದಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡ. ದೊರೆಗಳ ಕಾನೂನಿಗೆ ಕಾರಣ ಕೇಳುವವರು ಯಾರು?

ನನ್ನ ದನಿ ಹೋಯಿತು. ಕತ್ತಿನಲ್ಲಿ ಒಂದು ನಳಿಕೆ ಇದೆ. ಎಚ್ಚರವಾದಾಗ ನಿನ್ನ ಭಾವನನ್ನು ಕರೆಯಲು ಬಾಯಿ ತೆರೆದೆ, ಬರೀ ಗಾಳಿ ಬಂತು. ಅವರು ಕಿಟಕಿಯ ಕಡೆ ತಿರುಗಿ ನಿಂತಿದ್ದರು, ತಿರುಗಲೇ ಇಲ್ಲ. ನಾನು ಅಷ್ಟು ಹತ್ತಿರದಿಂದ ಕರೆದದ್ದು ಅವರಿಗೆ ಗೊತ್ತಾಗಲೇ ಇಲ್ಲ. ಆಗ ನನಗೆ ಮೊದಲ ಸಲ ಅಳು ಬಂತು.

ಮರುದಿನ ನರ್ಸು ಒಂದು ಹಲಗೆ ತಂದುಕೊಟ್ಟಳು. ಏನೆಂದು ಹೇಳು ನೋಡೋಣ. ಚಿತ್ರಗಳು. ನೀರು, ನೋವು, ಕಕ್ಕಸು, ಚಳಿ, ಡಾಕ್ಟರು. ಬೇಕಾದ್ದರ ಮೇಲೆ ಬೆರಳಿಡಬೇಕಂತೆ. ನಿನ್ನ ನೆನಪಾಗಿ ನಗು ಬಂತು, ನಕ್ಕರೆ ನಳಿಕೆ ಎಳೆಯುತ್ತದೆ. ಆದರೂ ಹೇಳುತ್ತೇನೆ, ಆ ಹಲಗೆ ಕೈಗೆ ಬಂದಾಗ ಜೀವ ಬಂದ ಹಾಗಾಯಿತು. ಬೆರಳಿಟ್ಟೆ, ಅವಳು ನೀರು ತಂದಳು. ಬೇಕು ಎಂದದ್ದು ಇನ್ನೊಬ್ಬರಿಗೆ ತಿಳಿಯುವುದು ಎಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ. ನನ್ನ ಮಗಳು ಇಷ್ಟು ವರ್ಷ ಹೇಗಿದ್ದಳು?

ನೀನು ಒಂದೆರಡು ಕಾರ್ಡು ಬರೆದು ಕಳಿಸು. ಇದರಲ್ಲಿ ಚಹಾ ಇಲ್ಲ. ನೋಡಲು ಬಂದವರಿಗೆ 'ಸಾಕು, ಹೊರಡಿ' ಎನ್ನುವುದಕ್ಕೂ ಒಂದು ಬೇಕು.

ನಿನ್ನ ಅಕ್ಕ

•

ಜುಲೈ ೩೦

ಅಕ್ಕ,

ಕಾರ್ಡುಗಳನ್ನು ಇದರ ಜೊತೆ ಇಟ್ಟಿದ್ದೇನೆ. 'ಸಾಕು, ಹೊರಡಿ' ಕಾರ್ಡಿನಲ್ಲಿ ಬಾಗಿಲು, ಬಾಗಿಲಾಚೆ ಒಂದು ಜೊತೆ ಚಪ್ಪಲಿ ಬರೆದಿದ್ದೇನೆ. ಅರ್ಥವಾಗದಿದ್ದರೆ ಮುಖ ಗಂಟಿಕ್ಕು, ಅದು ನಿನಗೆ ಕಲಿಸಬೇಕಾಗಿಲ್ಲ.

ದೊರೆಸಾನಿಯ ಸುದ್ದಿ. ಒಂದು ದಿನ ನನ್ನ ಬಟ್ಟೆಯ ಟ್ರಂಕು ಕೆದಕಿ ನಿನ್ನ ಹಳೆಯ ಫೋಟೋ ಹುಡುಕಿದಳು, ಆ ನೀಲಿ ರವಿಕೆಯದು. ನಾನು ಅದನ್ನು ಇಟ್ಟುಕೊಂಡಿದ್ದೆ ಎಂದು ನಿನಗೆ ತಿಳಿಯಬಾರದಿತ್ತು, ಇರಲಿ. ಅವಳೇ ಅದನ್ನು ತಂದು ಮನೆಯ ಪಟ್ಟಿಯ ಕೊನೆಯಲ್ಲಿ ಹಿಡಿದು ನಿಂತಳು. ಪಟ್ಟಿಯಲ್ಲಿ ಇಟ್ಟದ್ದು ನಡೆಯಲೇಬೇಕು, ಇಲ್ಲದಿದ್ದರೆ ಪಟ್ಟಿಯ ಮೇಲಿನ ನಂಬಿಕೆ ಹೋಗುತ್ತದೆ. ನಿನ್ನನ್ನು ಎಲ್ಲಿಂದ ತರಲಿ? ಯೋಚಿಸಿ, ಆ ಫೋಟೋಗೆ ಒಂದು ಕೆಲಸ ಕೊಟ್ಟೆ. ಸಂಜೆ ಅವಳು ಫೋಟೋ ಕಿತ್ತುಕೊಂಡು ಬಂದು ನನ್ನ ಪಕ್ಕ ಕೂರುತ್ತಾಳೆ. ನಾನು ನಿನ್ನ ಕಾಗದ ಓದುತ್ತೇನೆ. ಹೊಸದು ಬರದಿದ್ದರೆ ಹಳೆಯದನ್ನೇ. ಕೈ ಕಚ್ಚಿದ ಭಾಗವನ್ನು ಮೊದಲ ದಿನದಿಂದಲೂ ಬಿಟ್ಟೇ ಓದುತ್ತೇನೆ. ಅವಳು ನೋಡುವುದು ಗೋಡೆಯನ್ನು, ಆದರೆ ನಾನು ಒಂದು ಸಾಲು ಹಾರಿಸಿದರೆ ಕಾಗದದ ಮೇಲೆ ಕೈಯಿಡುತ್ತಾಳೆ. ಓದಿ ಆದ ಮೇಲೆ ನಿನ್ನ ಫೋಟೋ ಪೆಟ್ಟಿಗೆಗೆ. ಬೆಳಿಗ್ಗೆ ಮತ್ತೆ ನೀನು ಪಟ್ಟಿಗೆ.

ಶರ್ಟಿನ ಗುಂಡಿ ತಾನೇ ಹಾಕಿಕೊಳ್ಳುತ್ತಾಳೆ. ಮೊನ್ನೆ ನನಗೂ ಹಾಕಲು ಬಂದಳು. ಯಾವಾಗ ಬರುತ್ತೀಯ?

ನಿನ್ನ ತಂಗಿ

•

ಸೆಪ್ಟೆಂಬರ್ ೪

ತಂಗೀ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮಲಗಿಕೊಂಡೇ ಬರೆಯುತ್ತಿದ್ದೇನೆ.

ಗಂಟಲಿನದು ತೆಗೆದರೂ ಅದು ಬೇರೆ ಕಡೆ ಹೋಗಿ ಕೂತಿದೆಯಂತೆ. ಈಗ ಇನ್ನು ಕೊಯ್ಯುವುದಿಲ್ಲ. ನಿನ್ನ ಭಾವ ಡಾಕ್ಟರ ಹಿಂದೆ ಹಿಂದೆ ಹೋಗಿ ಏನೇನೋ ಕೇಳುತ್ತಾರೆ, ಪಂಪಿಗಾದರೆ ಹೊಸ ಭಾಗ ಸಿಗುತ್ತದೆ ಎನ್ನುವ ಹಾಗೆ. ನನಗೆ ಅರ್ಥವಾಗಿದೆ. ಅವರಿಗೆ ಅರ್ಥವಾಗುವವರೆಗೆ ಕಾಯುತ್ತಿದ್ದೇನೆ.

ನನಗೆ ಸಾಯುವುದಕ್ಕೆ ಹೆದರಿಕೆ ಇದೆ, ಇಲ್ಲವೆಂದು ಜಂಭ ಕೊಚ್ಚುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಬೇರೆ ಮಕ್ಕಳಿಗಾದರೆ ಯಾರಾದರೂ ಕೂರಿಸಿಕೊಂಡು ಹೇಳುತ್ತಾರೆ. ಅವು ಅಳುತ್ತವೆ, ಕೇಳುತ್ತವೆ, ಒಂದು ದಿನ ಒಪ್ಪಿಕೊಳ್ಳುತ್ತವೆ. ಇವಳಿಗೆ ಯಾರು ಹೇಗೆ ಹೇಳುತ್ತಾರೆ? ಹೇಳಿದ್ದು ತಿಳಿಯದೆ ಅವಳು ನನಗಾಗಿ ಕಾಯುತ್ತಾ ಕೂತರೆ? ಅಮ್ಮ ನನ್ನನ್ನು ಬಿಟ್ಟು ಎಲ್ಲೋ ಇದ್ದಾಳೆ, ಬೇಕೆಂದೇ ಬರುತ್ತಿಲ್ಲ ಎಂದುಕೊಂಡು ಬೆಳೆದರೆ? ಅವಳು ಬಾಗಿಲು ನೋಡುತ್ತಾ ಮುದುಕಿಯಾಗುವುದು ನನ್ನ ಕಣ್ಣಿಗೆ ಕಟ್ಟುತ್ತದೆ.

ನಿನ್ನ ಹತ್ತಿರ ಎಲ್ಲದಕ್ಕೂ ಕಾರ್ಡಿದೆ. ಇದಕ್ಕೂ ಒಂದು ಮಾಡು. ನನಗೆ ಒಂದು ಸಲ ತೋರಿಸು, ಸರಿಯಾಗಿದೆಯೋ ಇಲ್ಲವೋ ಹೇಳುತ್ತೇನೆ.

ಅಕ್ಕ

•

ಸೆಪ್ಟೆಂಬರ್ ೧೨

ಅಕ್ಕ,

ನಿನ್ನ ಕಾಗದ ಬಂದ ಸಂಜೆ ಅವಳಿಗೆ ಜುಲೈನ ಕಾಗದವನ್ನೇ ಓದಿದೆ.

ಅವಳು ಚೆನ್ನಾಗಿದ್ದಾಳೆ. ತಟ್ಟೆ ತೊಳೆದಿಡುತ್ತಾಳೆ. ತರಗತಿಯಲ್ಲಿ ಒಬ್ಬಳು ಪುಟ್ಟ ಹುಡುಗಿ ಅತ್ತರೆ ಆ ಮಗುವಿನ ಪಟ್ಟಿಯ ಮುಂದಿನ ಕಾರ್ಡನ್ನು ಕಿತ್ತು ಅದರ ಕೈಗೆ ಕೊಡುತ್ತಾಳೆ. ಸಮಾಧಾನ ಮಾಡುವುದೆಂದರೆ ಅವಳ ಪ್ರಕಾರ ಅಷ್ಟೇ: ಮುಂದೆ ಇನ್ನೊಂದಿದೆ ಎಂದು ತೋರಿಸುವುದು.

ನೀನು ಕೇಳಿದ್ದನ್ನು ಮಾಡಲು ಕೂತಿದ್ದೆ. ಖಾಲಿ ಮಂಚ ಬರೆದೆ. ಅವಳು ಅದನ್ನು ಮಲಗುವ ಹೊತ್ತು ಎಂದುಕೊಳ್ಳುತ್ತಾಳೆ. ಕಣ್ಣು ಮುಚ್ಚಿದ ಮುಖ ಬರೆದೆ. ಅದೂ ಹಾಗೇ. ನಿನ್ನ ಮುಖವನ್ನು ಬರೆದು ಅದರ ಮೇಲೆ ಗೀಟು ಎಳೆಯಬೇಕಾಗಿ ಬಂದಾಗ ನನ್ನಿಂದಾಗಲಿಲ್ಲ. ಹರಿದು ಹಾಕಿದೆ. ಅವಸರವೇನಿದೆ ಅಕ್ಕ? ಮುಂದಿನ ವಾರ ಅವಳನ್ನು ಕರೆದುಕೊಂಡು ನಾನೇ ಅಲ್ಲಿಗೆ ಬರುತ್ತೇನೆ. ಅವಳು ನಿನ್ನನ್ನು ನೋಡಲಿ. ನಾನೂ ನೋಡಬೇಕು.

ನಿನ್ನ ತಂಗಿ

•

ಸೆಪ್ಟೆಂಬರ್ ೨೨

ತಂಗಿಗೆ,

ನಾನು, ಭಾವ. ಅವಳಿಗೆ ಬರೆಯಲಾಗುತ್ತಿಲ್ಲ. ಹಲಗೆಯ ಮೇಲೆ ಬೆರಳಿಟ್ಟು, ಕೈಸನ್ನೆ ಮಾಡಿ ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ಕಾಗದ ಬರೆಯುವುದು ನನಗೆ ಬರುವುದಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದು.

ಮಗುವನ್ನು ಕರೆತರಬೇಡ ಅನ್ನುತ್ತಾಳೆ. ಒಮ್ಮೆ ಕಂಡದ್ದನ್ನು ಮಗು ಬಿಡುವುದಿಲ್ಲ. ಈ ಕೋಣೆ, ಈ ನಳಿಕೆ ಅವಳ ತಲೆಯಲ್ಲಿ ಕೂರುವುದು ಬೇಡವಂತೆ. ನೀಲಿ ರವಿಕೆಯ ಅಮ್ಮನೇ ಇರಲಿ ಅಂದಳು. ಮಗುವನ್ನು ಬೇರೆಯವರ ಹತ್ತಿರ ಬಿಟ್ಟು ನೀನೂ ಬರಬೇಡವಂತೆ.

ಕಾರ್ಡು ಆಯಿತೇ ಎಂದು ದಿನಾ ಕೇಳುತ್ತಾಳೆ. ಟಪಾಲು ಬರುವ ಹೊತ್ತಿಗೆ ಬಾಗಿಲ ಕಡೆ ನೋಡುತ್ತಾಳೆ. ನೀನು ಬರೆದು ಕಳಿಸಿದ ಚಪ್ಪಲಿಯ ಕಾರ್ಡನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಮೊನ್ನೆ ಅದನ್ನು ತೆಗೆದು ನನಗೇ ತೋರಿಸಿದಳು, ತಮಾಷೆಗೆ. ನನಗೆ ತಡೆಯಲಾಗಲಿಲ್ಲ, ಹೊರಗೆ ಹೋಗಿ ನಿಂತೆ.

ಭಾವ

•

ಅಕ್ಟೋಬರ್ ೨೦

ಭಾವ,

ಅಕ್ಕನ ಕಾರ್ಯವೆಲ್ಲ ಮುಗಿಸಿಕೊಂಡು ಮನೆ ತಲುಪಿದ್ದೀರಿ ಎಂದು ತಿಳಿಯಿತು. ಮಗುವನ್ನು ಕರೆದುಕೊಂಡು ಹೋಗಲು ಬರುವ ಮೊದಲು ನೀವು ಇದನ್ನು ಓದಿರಬೇಕು. ಎದುರಿಗೆ ಹೇಳುವ ಧೈರ್ಯ ನನಗಿಲ್ಲ.

ಅಕ್ಕ ಕೇಳಿದ ಕಾರ್ಡನ್ನು ನಾನು ಕಳಿಸಲಿಲ್ಲ. ಮಾಡುತ್ತೇನೆ, ಮಾಡುತ್ತೇನೆ ಎಂದು ದಿನ ತಳ್ಳಿದೆ. ಅವಳು ಬಾಗಿಲು ನೋಡುತ್ತಲೇ ಹೋದಳು.

ನೀವು ಫೋನಿನಲ್ಲಿ ಹೇಳಿದ ದಿನ ಸಂಜೆ, ಮಗು ಎಂದಿನಂತೆ ಅಮ್ಮನ ಫೋಟೋ ಹಿಡಿದು ನನ್ನ ಪಕ್ಕ ಬಂದು ಕೂತಳು. ನಾನು ಅವತ್ತು ಕಾಗದ ಓದಲಿಲ್ಲ. ಇಷ್ಟು ವರ್ಷ ಕಲಿತ, ಕಲಿಸಿದ ರೀತಿಯಲ್ಲೇ ಹೇಳಿದೆ. ಸಣ್ಣ ಮಾತು, ಒಂದೇ ಸಲ. "ಅಮ್ಮ ಇನ್ನಿಲ್ಲ. ಅಮ್ಮ ಮುಗೀತು" ಅಂದೆ. ಅವಳ ಕೈಹಿಡಿದು ಫೋಟೋವನ್ನು ಪೆಟ್ಟಿಗೆಗೆ ಹಾಕಿಸಿದೆ. ಅವಳು ಗಲಾಟೆ ಮಾಡಲಿಲ್ಲ. ಮುಚ್ಚಳ ಮುಚ್ಚಿ ಹೋಗಿ ಮಲಗಿದಳು. ಅಂತೂ ಅವಳಿಗೆ ತಿಳಿಯಿತು ಎಂದು ನಾನು ಗೋಡೆಗೆ ಒರಗಿ ಅತ್ತೆ.

ಬೆಳಿಗ್ಗೆ ಎದ್ದವಳೇ ಪೆಟ್ಟಿಗೆ ಬಗ್ಗಿಸಿ, ಕಾರ್ಡುಗಳನ್ನು ಒಂದೊಂದಾಗಿ ಹಚ್ಚಿ, ಕೊನೆಯಲ್ಲಿ ಅಮ್ಮನನ್ನು ಹಚ್ಚಿದಳು. ಅಂದು ಸಂಜೆ ಫೋಟೋ ಹಿಡಿದು ಬಾಗಿಲ ಹತ್ತಿರ ನಿಂತಳು.

ಭಾವ, ಆಗ ನನಗೆ ನಾನು ಮಾಡಿದ್ದು ತಿಳಿಯಿತು. ನನ್ನ ತರಗತಿಯಲ್ಲಿ ಯಾವುದೂ ಮುಗಿಯುವುದೇ ಇಲ್ಲ. ಮುಗಿಯಿತು ಪೆಟ್ಟಿಗೆಗೆ ಹೋದದ್ದೆಲ್ಲ ಬೆಳಗಾದರೆ ವಾಪಸು ಬರುತ್ತದೆ. ಅದನ್ನು ತೆಗೆದು ಹಚ್ಚುವ ಕೆಲಸವನ್ನು ನಾನೇ ಅವಳಿಗೆ ಕಲಿಸಿ, ಶಹಬ್ಬಾಸ್ ಎಂದಿದ್ದೇನೆ. ಅಮ್ಮ ಮುಗೀತು ಎಂದರೆ ಅವಳ ಭಾಷೆಯಲ್ಲಿ ಅಮ್ಮ ನಾಳೆ ಬರುತ್ತಾಳೆ. ಅಕ್ಕ ಯಾವುದಕ್ಕೆ ಹೆದರಿದ್ದಳೋ ಅದನ್ನೇ ನನ್ನ ಕೈಯಾರೆ ಮಾಡಿದೆ. ಈಗ ದಿನಾ ಬಾಗಿಲ ಹತ್ತಿರ ನಿಲ್ಲುತ್ತಾಳೆ.

ನಿಮ್ಮ ನಾದಿನಿ

•

ನವೆಂಬರ್ ೧೬

ತಂಗಿಗೆ,

ಮಗು ಊಟ ಮಾಡುತ್ತಿದ್ದಾಳೆ, ನಿದ್ದೆ ಮಾಡುತ್ತಿದ್ದಾಳೆ. ನೀನು ಹೇಳಿದಂತೆ ಇಲ್ಲೂ ಗೋಡೆಗೆ ಪಟ್ಟಿ ಹಾಕಿದ್ದೇನೆ. ನಾನು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಅಜ್ಜಿ ಬಂದು ಕೂರುತ್ತಾರೆ. ಅವರಿಗೂ ಕಾರ್ಡು ಓದಲು ಬಂದಿದೆ. ತಿಂಡಿಯ ಕಾರ್ಡು ಬಂದರೆ ತಾವೇ ಮೊದಲು ಏಳುತ್ತಾರೆ.

ಅಮ್ಮನ ಕಾರ್ಡಿನದೇ ಕಷ್ಟ. ಬೆಳಿಗ್ಗೆ ತಪ್ಪದೆ ಹಚ್ಚುತ್ತಾಳೆ. ಸಂಜೆ ಫೋಟೋ ಹಿಡಿದು ಮಿಷನ್ನಿನ ಪಕ್ಕದ ಸಣ್ಣ ಸ್ಟೂಲಿನ ಮೇಲೆ ಕೂರುತ್ತಾಳೆ, ಅವಳಮ್ಮ ಹೊಲಿಯುವಾಗ ಕೂರುತ್ತಿದ್ದ ಜಾಗದಲ್ಲೇ. ಮಿಷನ್ನು ಅವಳು ಬಿಟ್ಟುಹೋದ ಹಾಗೇ ಇದೆ, ಹಸಿರು ದಾರ ಪೋಣಿಸಿದ್ದು ಪೋಣಿಸಿದ ಹಾಗೇ. ಮಗು ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಕತ್ತಲಾಗುವವರೆಗೆ ಕೂತು ಆಮೇಲೆ ಫೋಟೋ ಪೆಟ್ಟಿಗೆಗೆ ಹಾಕಿ ಊಟಕ್ಕೆ ಬರುತ್ತಾಳೆ. ಅಷ್ಟು ಹೊತ್ತು ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರುತ್ತೇನೆ.

ಫೋಟೋ ಕಣ್ಣಿಗೆ ಬೀಳದಿದ್ದರೆ ಮರೆಯುತ್ತಾಳೆ ಎಂದು ನಾಲ್ಕು ಜನ ಹೇಳಿದರು. ಅವರ ಮಾತು ಕೇಳಿ ಒಂದು ದಿನ ಬಚ್ಚಿಟ್ಟೆ. ಕಪಾಟು, ಹಾಸಿಗೆ, ನನ್ನ ಸ್ಪ್ಯಾನರ್ ಚೀಲ ಯಾವುದನ್ನೂ ಬಿಡಲಿಲ್ಲ. ಅನ್ನನೀರು ಮುಟ್ಟಲಿಲ್ಲ. ವಾಪಸು ಕೊಟ್ಟಾಗ ನನ್ನ ಮುಖ ನೋಡಿದಳು. ಅವಳು ಮುಖ ನೋಡುವವಳಲ್ಲ, ಅವತ್ತು ನೋಡಿದಳು.

ನಿನ್ನನ್ನು ನಾನು ದೂರುವುದಿಲ್ಲ. ನಾನಾಗಿದ್ದರೆ ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಮುಂದೆ ಏನು ಮಾಡಬೇಕೋ ಹೇಳು.

ಭಾವ

•

ನವೆಂಬರ್ ೨೭

ಭಾವ,

ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ.

ನಮ್ಮ ಹಿರಿಯ ಟೀಚರನ್ನು ಕೇಳಿದೆ. ಫೋಟೋ ಬಚ್ಚಿಡಬೇಡಿ, ಅದಕ್ಕೆ ಪಟ್ಟಿಯ ಹೊರಗೆ ಒಂದು ಬೇರೆ ಜಾಗ ಬೇಕು, ದಿನದ ಕೆಲಸಗಳಲ್ಲಿ ಸೇರದ ಜಾಗ, ಎಂದರು. ಗೋಡೆಗೆ ಒಂದು ಚೌಕಟ್ಟು ಹಾಕಿ ನೋಡಿ. ಅವಳು ಒಪ್ಪದಿದ್ದರೆ ಬಲವಂತ ಬೇಡ. ಅವಳು ನಿಮ್ಮ ಮುಖ ನೋಡಿದ ಮಾತನ್ನು ಎರಡೆರಡು ಸಲ ಓದಿದೆ.

ಇಲ್ಲಿ ಬೆಳಿಗ್ಗೆ ಪೆಟ್ಟಿಗೆ ಬಗ್ಗಿಸುವವರು ಯಾರೂ ಇಲ್ಲ. ನಾನೇ ಕಾರ್ಡು ಹಚ್ಚುತ್ತೇನೆ. ಒಂದೊಂದು ದಿನ ತರಗತಿಗೆ ಹೋಗಲೇ ಮನಸ್ಸು ಬರುವುದಿಲ್ಲ. ರಜೆಯಲ್ಲಿ ಬರುತ್ತೇನೆ. ಸಂಜೆ ನೀವು ಅಡುಗೆಮನೆಗೆ ಹೋಗಬೇಡಿ, ಅವಳ ಹತ್ತಿರ ಹೋಗಿ ಕೂರಿ. ಏನೂ ಹೇಳಬೇಕಾಗಿಲ್ಲ. ಒಬ್ಬಳೇ ಕಾಯುವುದು ಬೇಡ.

ನಿಮ್ಮ ನಾದಿನಿ

•

ಜನವರಿ ೧೦

ಟೀಚರಮ್ಮನಿಗೆ,

ಅವಳು ನಿನ್ನನ್ನು ಹೀಗೇ ಕರೆಯುತ್ತಿದ್ದಳು. ಬರೆಯಲು ಕೂತಾಗ ನನಗೂ ಅದೇ ಬಂತು.

ಚೌಕಟ್ಟು ನಡೆಯಲಿಲ್ಲ. ಫೋಟೋ ಕಿತ್ತು ಪಟ್ಟಿಗೇ ತಂದಳು. ನೀನು ಹೇಳಿದ ಇನ್ನೊಂದನ್ನು ಮಾಡಿದೆ, ಸಂಜೆ ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮೊದಮೊದಲು ದೂರ ಸರಿದಳು. ಆಮೇಲೆ ಬಿಟ್ಟಳು. ಇಬ್ಬರೂ ಕಾಯುತ್ತಿದ್ದೆವು. ನಿಜ ಹೇಳಬೇಕೆಂದರೆ ನನಗೂ ಕಾಯಲು ಒಂದು ಜಾಗ ಬೇಕಾಗಿತ್ತು.

ಈ ಭಾನುವಾರ ಅವಳ ಚೀಲದ ಹೆಗಲಪಟ್ಟಿ ಹರಿಯಿತು. ಚೀಲ ತಂದು ಮಿಷನ್ನಿನ ಮೇಲಿಟ್ಟಳು. ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ಅವಳಮ್ಮನ ಕುರ್ಚಿಯ ಮುಂದೆ ನಿಲ್ಲಿಸಿದಳು. ದೊರೆಸಾನಿಯ ಅಪ್ಪಣೆ, ಕೂತೆ. ಮಿಷನ್ನು ಬಿಚ್ಚಿ ಜೋಡಿಸಲು ನನಗೆ ಬರುತ್ತದೆ, ಹೊಲಿಯಲು ಬರುವುದಿಲ್ಲ. ಹಾವು ಹರಿದ ಹಾಗೆ ಹೊಲಿಗೆ ಹೋಗುತ್ತಿತ್ತು. ಅರ್ಧಕ್ಕೆ ಬಂದಾಗ ಅವಳು ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ನೋಡುತ್ತೇನೆ, ದಾರ ಖಾಲಿಯಾಗಿದೆ. ಸೂಜಿ ಬರಿದೇ ಚುಚ್ಚುತ್ತಿತ್ತು, ನನಗೆ ಗೊತ್ತೇ ಆಗಿರಲಿಲ್ಲ.

ನನ್ನ ಹೆಂಡತಿ ತನ್ನ ಕೈಯಾರೆ ಹಾಕಿದ್ದ ರೀಲು ಅದು. ಅದನ್ನು ಕೀಳಲು ನನಗೆ ಕೈ ಬರಲಿಲ್ಲ. ಮಗುವೇ ಕಿತ್ತಳು. ತೂತಿನಲ್ಲಿ ಇಣುಕಿದಳು. ಡಬ್ಬಿ ತಂದು ಮುಚ್ಚಳ ತೆಗೆದು, "ಆಯ್ತು" ಎಂದು ಒಳಗೆ ಹಾಕಿದಳು.

ಮುಚ್ಚಳ ಹಾಕಲಿಲ್ಲ. ಡಬ್ಬಿಯನ್ನು ನೋಡುತ್ತಾ ನಿಂತಳು. ತುಂಬಾ ಹೊತ್ತು ನಿಂತಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಪಟ್ಟಿಯಿಂದ ಫೋಟೋ ಕಿತ್ತುಕೊಂಡು ಬಂದಳು. ಬೇಡ ಎನ್ನುವ ಮಾತು ಬಾಯಿಗೆ ಬಂದಿತ್ತು. ಇಷ್ಟು ದಿನ ತಿಳಿಯಲಿ, ತಿಳಿಯಲಿ ಎಂದುಕೊಂಡವನು ನಾನೇ. ಆ ಹೊತ್ತಿನಲ್ಲಿ ಮಾತ್ರ ಅವಳಿಗೆ ತಿಳಿಯುವುದು ನನಗೆ ಬೇಡವಾಗಿತ್ತು.

ಫೋಟೋವನ್ನು ರೀಲುಗಳ ಮೇಲೆ ಇಟ್ಟಳು. "ಆಯ್ತು" ಅಂದಳು.

ಟೀಚರಮ್ಮ, ಅದು ಅವಳಮ್ಮನ ದನಿ. ಅದೇ ಎಳೆತ, ಕೊನೆಯಲ್ಲಿ ಸ್ವಲ್ಪ ಇಳಿಸುವುದು, ಎಲ್ಲ ಅದೇ. ಆಪರೇಷನ್ ಆದಮೇಲೆ ಆ ದನಿಯನ್ನು ನಾನು ಕೇಳಿರಲಿಲ್ಲ. ಇನ್ನು ಕೇಳುವುದಿಲ್ಲ ಎಂದುಕೊಂಡಿದ್ದೆ. ಅವಳು ಮುಚ್ಚಳ ಒತ್ತಿದಳು, ನಾನು ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತೆ.

ಸೋಮವಾರ ಬೆಳಿಗ್ಗೆ ನಾನು ಮೊದಲೇ ಎದ್ದು ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಪೆಟ್ಟಿಗೆ ಬಗ್ಗಿಸಿದಳು, ಕಾರ್ಡುಗಳನ್ನೆಲ್ಲ ಹಚ್ಚಿದಳು. ಡಬ್ಬಿಯನ್ನು ಮುಟ್ಟಲಿಲ್ಲ. ಫೋಟೋ ಇರುತ್ತಿದ್ದ ಜಾಗ ಆಟದ ಕಾರ್ಡಿಗೂ ಊಟದ ಕಾರ್ಡಿಗೂ ನಡುವೆ ಖಾಲಿ ಇತ್ತು. ನೀನೇ ಕಲಿಸಿದ್ದಲ್ಲವೇ, ಖಾಲಿ ಬಿಡಬಾರದೆಂದು. ಊಟದ ಕಾರ್ಡನ್ನೂ ಮಲಗುವ ಕಾರ್ಡನ್ನೂ ಮೇಲೆ ಸರಿಸಿದಳು. ಅಂದು ಸಂಜೆ ಸ್ಟೂಲಿನ ಮೇಲೆ ಕೂರಲಿಲ್ಲ. ನಾನು ಒಬ್ಬನೇ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಬಂದು ನನ್ನ ಕೈಗೆ ಒಂದು ಹೊಸ ರೀಲು ಕೊಟ್ಟಳು. ಚೀಲದ ಹೊಲಿಗೆ ಅರ್ಧಕ್ಕೆ ನಿಂತಿತ್ತಲ್ಲ. ಆ ಹಸಿರು ನಮ್ಮಲ್ಲಿ ಮತ್ತೆ ಇರಲಿಲ್ಲ, ಅದರ ಪಕ್ಕದ ಹಸಿರನ್ನು ಆರಿಸಿ ತಂದಿದ್ದಳು. ಉಳಿದರ್ಧ ಅದರಲ್ಲೇ ಹೊಲಿದೆ. ಎಲ್ಲಿ ಒಂದು ದಾರ ನಿಂತು ಇನ್ನೊಂದು ಶುರುವಾಗಿದೆ ಎಂದು ಬೇರೆಯವರಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ. ನೀನು ರಜೆಯಲ್ಲಿ ಬಂದಾಗ ನೋಡು.

ಭಾವ